ಗಟ್ಟಿ ತಗಡೇ ಬೇಕೆ? ಅಲ್ಯೂಮಿನಿಯಂ ಶೀಟು ಕೊಳ್ಳುವ ಮುನ್ನ

ಔಷಧದ ಅಂಗಡಿಯಿಂದ ತಂದ ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿಯ ಹಾಳೆ, ಚಪಾತಿ ಸುತ್ತಿಡುವ ಅಡುಗೆಮನೆಯ ಫಾಯಿಲು ಎರಡೂ ಬಹುಮಟ್ಟಿಗೆ ಒಂದೇ ಲೋಹ. ಎರಡಕ್ಕೂ ಸಾಮಾನ್ಯವಾಗಿ ಬಳಸುವುದು 8011 ಎಂಬ ಅಲ್ಯೂಮಿನಿಯಂ ಮಿಶ್ರಲೋಹವನ್ನೇ. ಆದರೂ ಹೆಬ್ಬೆರಳಿನಿಂದ ಒತ್ತಿದರೆ ಮಾತ್ರೆಯ ಹಾಳೆ ಪಟ್ಟನೆ ಹರಿದು ಮಾತ್ರೆಯನ್ನು ಹೊರಗೆ ಬಿಡುತ್ತದೆ. ಅಡುಗೆಮನೆಯ ಫಾಯಿಲು ಹಾಗೆ ಹರಿಯದೆ ಒತ್ತಿದ ಕಡೆ ಬಾಗಿ, ಪಾತ್ರೆಯ ಅಂಚಿಗೆ ಮೆತ್ತಿಕೊಂಡು ಕೂರುತ್ತದೆ. ಮೊದಲನೆಯದನ್ನು ರೋಲರುಗಳ ನಡುವೆ ಒತ್ತಿ ತೆಳುಮಾಡಿದ ಮೇಲೆ ಆ ಗಡಸುತನದಲ್ಲೇ ಬಿಟ್ಟಿರುತ್ತಾರೆ. ಎರಡನೆಯದನ್ನು ಕೊನೆಯಲ್ಲಿ ಕುಲುಮೆಯಲ್ಲಿ ಕಾಯಿಸಿ ಮೆದು ಮಾಡಿರುತ್ತಾರೆ. ಸ್ಟ್ರಿಪ್ಪಿಗೆ ಮೆದು ಹಾಳೆ ಹಾಕಿದ್ದರೆ ಮಾತ್ರೆ ತೆಗೆಯಲು ಕತ್ತರಿಯೇ ಬೇಕಾಗುತ್ತಿತ್ತು.

ಲೋಹದ ವ್ಯಾಪಾರದಲ್ಲಿ ಈ ಹದಕ್ಕೆ ಟೆಂಪರ್ ಎನ್ನುತ್ತಾರೆ. ಪೀಣ್ಯದಲ್ಲೋ, ಬೆಳಗಾವಿಯ ಉದ್ಯಮಬಾಗದಲ್ಲೋ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಶೀಟು ಕೊಳ್ಳಲು ಹೋದವರು ದಪ್ಪ ಹೇಳುತ್ತಾರೆ, ಉದ್ದಗಲ ಹೇಳುತ್ತಾರೆ, ಕಿಲೊ ದರಕ್ಕೆ ಚೌಕಾಸಿ ಮಾಡುತ್ತಾರೆ. ತಿಳಿದವರಾದರೆ 5052 ಅಥವಾ 6061 ಎಂದು ಮಿಶ್ರಲೋಹದ ಸಂಖ್ಯೆಯನ್ನೂ ಹೇಳುತ್ತಾರೆ. ಅಂಗಡಿಯವರು "ಸಾಫ್ಟ್ ಕೊಡ್ಲಾ ಸಾರ್, ಹಾರ್ಡ್ ಕೊಡ್ಲಾ?" ಎಂದು ಕೇಳಿದಾಗ ಮಾತ್ರ ಒಂದು ಕ್ಷಣ ತಡವರಿಸಿ, "ಗಟ್ಟಿಯಾಗಿರೋದೇ ಕೊಡಿ" ಎಂದುಬಿಡುತ್ತಾರೆ. ಅರ್ಧಕ್ಕರ್ಧ ತೊಂದರೆ ಶುರುವಾಗುವುದು ಈ ಒಂದು ಮಾತಿನಿಂದ.

ಶೀಟು ನಾಳೆ ಎಷ್ಟು ಭಾರ ಹೊರಬೇಕು ಎಂದು ಕೇಳುವ ಮೊದಲು, ಇವತ್ತು ವರ್ಕ್‌ಶಾಪಿನಲ್ಲಿ ಅದಕ್ಕೆ ನಾವು ಏನು ಮಾಡಲಿದ್ದೇವೆ ಎಂದು ಕೇಳಿಕೊಳ್ಳಬೇಕು. ಮಡಚುತ್ತೇವೆಯೆ, ಬಟ್ಟಲಾಗಿ ಎಳೆಯುತ್ತೇವೆಯೆ, ವೆಲ್ಡ್ ಮಾಡುತ್ತೇವೆಯೆ, ಬರೀ ಕತ್ತರಿಸಿ ತೂತು ಕೊರೆಯುತ್ತೇವೆಯೆ? ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಸಿಕ್ಕರೆ ಟೆಂಪರಿನ ಆಯ್ಕೆ ಬಹುಪಾಲು ಮುಗಿದಂತೆ.

ಅಡ್ಡಗೆರೆಯ ಆಚೆಗೆ

5052-ಎಚ್32 ಎಂಬ ಗುರುತಿನಲ್ಲಿ ಅಡ್ಡಗೆರೆಯ ಹಿಂದಿನದು ಲೋಹದೊಳಗೆ ಏನೇನು ಬೆರೆತಿದೆ ಎಂಬುದನ್ನು ಹೇಳುತ್ತದೆ, ಮುಂದಿನದು ಆ ಲೋಹಕ್ಕೆ ಏನು ಮಾಡಿದ್ದಾರೆ ಎಂಬುದನ್ನು. ಓ ಎಂದಿದ್ದರೆ ಪೂರ್ತಿ ಕಾಯಿಸಿ ಮೆದು ಮಾಡಿದ್ದು. ಎಫ್ ಎಂದಿದ್ದರೆ ತಯಾರಾದ ಹಾಗೇ ಬಂದದ್ದು, ಅದರ ಬಲದ ಬಗ್ಗೆ ಗಿರಣಿ ಯಾವ ಭರವಸೆಯನ್ನೂ ಕೊಡುವುದಿಲ್ಲ. ಎಚ್ ಎಂದರೆ ತಣ್ಣಗಿರುವಾಗಲೇ ರೋಲರಿನಲ್ಲಿ ಒತ್ತಿ ಗಟ್ಟಿ ಮಾಡಿದ್ದು. ಟಿ ಎಂದರೆ ಚೆನ್ನಾಗಿ ಕಾಯಿಸಿ, ಥಟ್ಟನೆ ತಣಿಸಿ, ಆಮೇಲೆ ಹದವಾಗಲು ಬಿಟ್ಟು, ಹೀಗೆ ಶಾಖದ ದಾರಿಯಲ್ಲಿ ಗಟ್ಟಿ ಮಾಡಿದ್ದು.

ಎಚ್ ಮತ್ತು ಟಿ ಎರಡೂ ಎಲ್ಲ ಲೋಹಕ್ಕೂ ಸಲ್ಲುವುದಿಲ್ಲ. 1000, 3000, 5000 ಸರಣಿಯ ಮಿಶ್ರಲೋಹಗಳನ್ನು ಎಷ್ಟು ಕಾಯಿಸಿ ಅದ್ದಿದರೂ ಗಟ್ಟಿಯಾಗುವುದಿಲ್ಲ, ಅವಕ್ಕೆ ಎಚ್ ಮಾತ್ರ. 2000, 6000, 7000 ಸರಣಿಯವಕ್ಕೆ ಟಿ. ಇಷ್ಟು ನೆನಪಿದ್ದರೆ ಕೊಟೇಶನ್ ಓದುವಾಗಲೇ ಒಂದು ಲಾಭವಿದೆ. ಯಾರಾದರೂ "5052-ಟಿ6" ಎಂದು ಬರೆದು ಕೊಟ್ಟರೆ, ಬರೆದವರಿಗೆ ಲೋಹ ಗೊತ್ತಿಲ್ಲ, ಇಲ್ಲವೇ ಕೊಡಲಿರುವ ಮಾಲು ಬೇರೆ ಯಾವುದೋ.

ಎಚ್ ಪಕ್ಕದ ಮೊದಲ ಅಂಕಿ ದಾರಿಯನ್ನು ತಿಳಿಸುತ್ತದೆ. 1 ಎಂದರೆ ಬರೀ ಒತ್ತಿ ಗಟ್ಟಿ ಮಾಡಿದ್ದು. 2 ಎಂದರೆ ಬೇಕಾದ್ದಕ್ಕಿಂತ ಹೆಚ್ಚು ಗಟ್ಟಿ ಮಾಡಿ, ಆಮೇಲೆ ತುಸು ಕಾಯಿಸಿ ಇಳಿಸಿದ್ದು. 3 ಎಂದರೆ ಗಟ್ಟಿ ಮಾಡಿದ ನಂತರ ಕಡಿಮೆ ಶಾಖದಲ್ಲಿ ಸ್ಥಿರಗೊಳಿಸಿದ್ದು. ಮೆಗ್ನೀಸಿಯಂ ಇರುವ 5000 ಸರಣಿಯ ಲೋಹ ಗೋದಾಮಿನಲ್ಲಿ ಇಟ್ಟಲ್ಲೇ ನಿಧಾನವಾಗಿ ಮೆದುವಾಗುತ್ತ ಹೋಗುತ್ತದೆ, ಅದನ್ನು ತಡೆಯಲು ಈ ಉಪಾಯ. ಎರಡನೆಯ ಅಂಕಿ ಗಟ್ಟಿತನದ ಮೆಟ್ಟಿಲು: 2 ಕಾಲು, 4 ಅರ್ಧ, 6 ಮುಕ್ಕಾಲು, 8 ಪೂರ್ತಿ. ಹಾಗಾಗಿ ಎಚ್14 ಮತ್ತು ಎಚ್24 ಎರಡೂ ಅರ್ಧ ಗಟ್ಟಿಯೇ. ಬಲ ಹೆಚ್ಚುಕಮ್ಮಿ ಒಂದೇ ಇದ್ದರೂ ಎಚ್24 ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಮಡಚುವ ಕೆಲಸವಿದ್ದು ಎರಡೂ ಒಂದೇ ದರಕ್ಕೆ ಸಿಕ್ಕರೆ ನಾನು ಎಚ್24 ತೆಗೆದುಕೊಳ್ಳುತ್ತೇನೆ.

ಟಿ ಸರಣಿಯ ಹುಟ್ಟಿನ ಕತೆ ಸ್ವಾರಸ್ಯದ್ದು. 1906ರಲ್ಲಿ ಬರ್ಲಿನ್ ಹತ್ತಿರದ ಪ್ರಯೋಗಾಲಯವೊಂದರಲ್ಲಿ ಆಲ್ಫ್ರೆಡ್ ವಿಲ್ಮ್ ಎಂಬ ಲೋಹಶಾಸ್ತ್ರಜ್ಞ ಸುಮಾರು ಶೇ. 4 ತಾಮ್ರ, ಚೂರು ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಂ ಅನ್ನು ಉಕ್ಕಿನ ಹಾಗೆ ಕಾಯಿಸಿ ಅದ್ದಿ ಗಟ್ಟಿ ಮಾಡಲು ನೋಡುತ್ತಿದ್ದ. ಅದ್ದಿದ ಕೂಡಲೇ ಅಳೆದರೆ ಅಂಥ ಗಟ್ಟಿತನವೇನೂ ಕಾಣಲಿಲ್ಲ. ವಾರದ ಕೊನೆಯ ರಜೆ ಕಳೆದು ಬಂದು ಅದೇ ತುಂಡನ್ನು ಮತ್ತೆ ಅಳೆದಾಗ ಅದು ತಾನಾಗಿಯೇ ಗಟ್ಟಿಯಾಗಿತ್ತು. ವಿಲ್ಮ್‌ನ ಪೇಟೆಂಟಿನ ಹಕ್ಕು ಪಡೆದ ಜರ್ಮನಿಯ ಡ್ಯೂರೆನ್ ಊರಿನ ಲೋಹದ ಕಾರ್ಖಾನೆ ಅದನ್ನು ಡ್ಯುರಾಲುಮಿನ್ ಎಂದು ಮಾರಿತು; ಜೆಪ್ಪೆಲಿನ್ ಆಕಾಶನೌಕೆಗಳ ಎಲುಬುಗೂಡು ಆ ಲೋಹದ್ದೇ. ಹೀಗೇಕಾಗುತ್ತದೆ ಎಂಬುದು ತಿಳಿಯಲು 1938ರ ತನಕ ಕಾಯಬೇಕಾಯಿತು. ಫ್ರಾನ್ಸಿನ ಗಿನಿಯೇ, ಇಂಗ್ಲೆಂಡಿನ ಪ್ರೆಸ್ಟನ್ ಇಬ್ಬರೂ ಬೇರೆಬೇರೆಯಾಗಿ ಎಕ್ಸ್‌ರೇ ಮೂಲಕ ನೋಡಿ, ಲೋಹದೊಳಗೆ ತಾಮ್ರದ ಪರಮಾಣುಗಳು ಅತಿ ಸಣ್ಣ ಗುಂಪುಗಳಾಗಿ ಸೇರಿಕೊಂಡು ಲೋಹ ಜಾರದಂತೆ ಅಡ್ಡ ನಿಲ್ಲುತ್ತವೆ ಎಂದು ತೋರಿಸಿದರು.

ಇವತ್ತಿನ ಭಾಷೆಯಲ್ಲಿ ವಿಲ್ಮ್‌ನ ತುಂಡು ಟಿ4: ಕಾಯಿಸಿ, ಅದ್ದಿ, ಕೋಣೆಯ ಶಾಖದಲ್ಲೇ ತಾನಾಗಿ ಹದವಾದದ್ದು. ಟಿ3ರಲ್ಲಿ ನಡುವೆ ಒಂದಿಷ್ಟು ಒತ್ತುವುದೋ ಎಳೆಯುವುದೋ ಸೇರಿರುತ್ತದೆ. ಟಿ6ರಲ್ಲಿ ಅದ್ದಿದ ಮೇಲೆ ಮತ್ತೆ ಒಲೆಯಲ್ಲಿಟ್ಟು ಹದ ಬರಿಸುತ್ತಾರೆ. 6061ಕ್ಕಾದರೆ ಮೊದಲು ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನೀರಿಗೆ ಅದ್ದುವುದು, ಆಮೇಲೆ ಸುಮಾರು 175 ಡಿಗ್ರಿಯಲ್ಲಿ ಎಂಟು ಗಂಟೆ ಇಡುವುದು.

ಅಂಕಿಗಳಲ್ಲಿ ನೋಡಿದರೆ ಅಂತರ ಗೊತ್ತಾಗುತ್ತದೆ. ಬಗ್ಗಿದ ಶೀಟು ವಾಪಸ್ ನೆಟ್ಟಗಾಗದೆ ಹಾಗೇ ಉಳಿದುಬಿಡುವ ಒತ್ತಡಕ್ಕೆ ಯೀಲ್ಡ್ ಎನ್ನುತ್ತಾರೆ. 6061ರಲ್ಲಿ ಅದು ಓ ಹದದಲ್ಲಿ ಸುಮಾರು 55 ಮೆಗಾಪಾಸ್ಕಲ್, ಟಿ4ರಲ್ಲಿ 145, ಟಿ6ರಲ್ಲಿ 276. ಒಂದೇ ಲೋಹ, ಐದು ಪಟ್ಟು ವ್ಯತ್ಯಾಸ. 5052ರಲ್ಲಿ ಓ ಹದಕ್ಕೆ 90, ಎಚ್32ಕ್ಕೆ 195, ಎಚ್34ಕ್ಕೆ 215, ಎಚ್38ಕ್ಕೆ 255. ಟೆಂಪರ್ ಹೇಳದೆ ಬರೀ "6061 ಕೊಡಿ" ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ.

ಜೋಲು ಬೀಳುವುದಕ್ಕೆ ಟೆಂಪರ್ ಮದ್ದಲ್ಲ

ಗಟ್ಟಿ ಶೀಟು ಕೊಳ್ಳುವವರಲ್ಲಿ ಬಹಳಷ್ಟು ಜನ ಕೊಳ್ಳುವುದು ತಪ್ಪು ಕಾರಣಕ್ಕೆ. ಕಪಾಟಿನ ಹಲಗೆ ನಡುವೆ ಜೋಲುತ್ತದೆ, ಮಷೀನಿನ ಬಾಗಿಲು ತಟ್ಟಿದರೆ ಡಬಡಬ ಎನ್ನುತ್ತದೆ, ಮುಚ್ಚಳ ನಡುಗುತ್ತದೆ, ಹಾಗಾಗಿ ಮುಂದಿನ ಸಲ ಟಿ6 ಹಾಕೋಣ ಎನ್ನುತ್ತಾರೆ. ಹಾಕಿದ ಮೇಲೂ ಹಲಗೆ ಅಷ್ಟೇ ಜೋಲುತ್ತದೆ.

ಬಾಗುವಿಕೆಯನ್ನು ಎದುರಿಸುವ ಬಿಗಿತಕ್ಕೂ ಬಲಕ್ಕೂ ಸಂಬಂಧವಿಲ್ಲದಿರುವುದು ಇದಕ್ಕೆ ಕಾರಣ. ಅಲ್ಯೂಮಿನಿಯಂನ ಬಿಗಿತದ ಅಳತೆ ಸುಮಾರು 70 ಗಿಗಾಪಾಸ್ಕಲ್. ಮೆದುವಾದ 1100-ಓ ಇರಲಿ, 7075-ಟಿ6 ಇರಲಿ, ಆ ಅಂಕಿ ಅಲ್ಲೇ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಂದೇ ಭಾರಕ್ಕೆ ಎರಡೂ ಒಂದೇ ಅಷ್ಟು ಜೋಲುತ್ತವೆ. ಭಾರ ತೆಗೆದಾಗ ಮಾತ್ರ ಗಟ್ಟಿಯದು ನೆಟ್ಟಗಾಗುತ್ತದೆ, ಮೆದುವಿನದು ಬಾಗಿಯೇ ಉಳಿಯಬಹುದು. ಜೋಲುವುದು ನಿಲ್ಲಬೇಕಾದರೆ ದಪ್ಪ ಹೆಚ್ಚಿಸಬೇಕು ಅಥವಾ ಅಂಚು ಮಡಚಬೇಕು. ಬಿಗಿತ ಏರುವುದು ದಪ್ಪದ ಘನದ ಲೆಕ್ಕದಲ್ಲಿ. 1.5 ಮಿ.ಮೀ. ಇದ್ದದ್ದನ್ನು 2 ಮಿ.ಮೀ. ಮಾಡಿದರೆ ತೂಕ ಮೂರನೇ ಒಂದು ಭಾಗ ಹೆಚ್ಚುತ್ತದೆ, ಬಿಗಿತ ಎರಡು ಪಟ್ಟಿಗೂ ಮಿಕ್ಕಿ ಏರುತ್ತದೆ. ದಪ್ಪ ಹೆಚ್ಚಿಸದೆ ನಾಲ್ಕೂ ಅಂಚನ್ನು 20 ಮಿ.ಮೀ. ಮಡಚಿದರೂ ಸಾಕು, ಹಲಗೆಯ ಸ್ವಭಾವವೇ ಬದಲಾಗುತ್ತದೆ. ಹಾಗೆ ಮಡಚಬೇಕೆಂದರೆ ಮೆದು ಹದವೇ ಬೇಕು. ಬಿಗಿತ ಬೇಕೆಂದು ಗಟ್ಟಿ ಶೀಟು ತಂದವರು, ಬಿಗಿತ ಕೊಡುವ ಮಡಿಕೆಯನ್ನೇ ಹಾಕಲಾಗದೆ ಕೈಕಟ್ಟಿ ನಿಲ್ಲುತ್ತಾರೆ.

ಉಕ್ಕಿನ ಬದಲು ಅಲ್ಯೂಮಿನಿಯಂ ಹಾಕುವವರಿಗೂ ಇದೇ ಲೆಕ್ಕ. ಉಕ್ಕಿನ ಬಿಗಿತ ಸುಮಾರು ಮೂರು ಪಟ್ಟು. 1 ಮಿ.ಮೀ. ಉಕ್ಕಿನಷ್ಟೇ ಬಿಗಿಯಾಗಿರಲು ಅಲ್ಯೂಮಿನಿಯಂ ಸುಮಾರು 1.4 ಮಿ.ಮೀ. ಇರಬೇಕು, ಆಗಲೂ ತೂಕ ಅರ್ಧಕ್ಕೆ ಇಳಿಯುತ್ತದೆ. ಈ ಲೆಕ್ಕದಲ್ಲಿ ಟೆಂಪರಿಗೆ ಜಾಗವೇ ಇಲ್ಲ.

ಟೆಂಪರ್ ಕೆಲಸಕ್ಕೆ ಬರುವುದು ಬೇರೆ ಕಡೆ. ಬೋಲ್ಟಿನ ತೂತು ಅಗಲವಾಗಬಾರದು, ಸ್ಪ್ಯಾನರ್ ಬಿದ್ದ ಕಡೆ ತಗ್ಗು ಆಗಬಾರದು, ಬ್ರಾಕೆಟ್ ಮೇಲೆ ಯಾರೋ ಕಾಲಿಟ್ಟರೆ ಬಾಗಿ ಉಳಿಯಬಾರದು, ಟ್ಯಾಪ್ ಮಾಡಿದ ಥ್ರೆಡ್ಡು ಕಿತ್ತುಬರಬಾರದು. ಇಂಥ ಕಡೆ ಟಿ6ಕ್ಕೆ ಕೊಡುವ ಹಣ ವ್ಯರ್ಥವಲ್ಲ.

ಮಡಿಕೆಯಲ್ಲಿ ಬಿರುಕು

ಪ್ರೆಸ್ ಬ್ರೇಕಿನ ಮುಂದೆ ನಿಲ್ಲುವವರಿಗೆ 6061-ಟಿ6 ಎಂದರೆ ಮುಖ ಕಿವುಚಿಕೊಳ್ಳುವ ವಿಷಯ. ಚೂಪಾದ ಪಂಚಿನಲ್ಲಿ 90 ಡಿಗ್ರಿ ಮಡಚಿದರೆ ಹೊರಮೈ ಸೀಳುತ್ತದೆ. ಕೆಲವೊಮ್ಮೆ ಪೂರ್ತಿ ಮುರಿದು ಎರಡಾಗುತ್ತದೆ. ಮಡಚಲೇಬೇಕಾದರೆ ಒಳಮೂಲೆಯ ತ್ರಿಜ್ಯ ದೊಡ್ಡದಿರಬೇಕು. 1.6 ಮಿ.ಮೀ. ಶೀಟಿಗೆ ಕನಿಷ್ಠವೆಂದರೂ ದಪ್ಪದ ಒಂದೂವರೆ ಪಟ್ಟು, 3 ಮಿ.ಮೀ.ಗೆ ಸುಮಾರು ಎರಡೂವರೆ ಪಟ್ಟು, 6 ಮಿ.ಮೀ.ಗೆ ಮೂರೂವರೆ ಪಟ್ಟು. ಇವು ಎಲ್ಲವೂ ಸರಿಯಿದ್ದಾಗಿನ ಅಂಕಿಗಳು. ಅನುಭವಿ ಆಪರೇಟರುಗಳು ಇದಕ್ಕೂ ಒಂದು ಪಟ್ಟು ಸೇರಿಸಿ ಇಟ್ಟುಕೊಳ್ಳುತ್ತಾರೆ, ಅದು ಜಾಣತನ. 5052-ಎಚ್32 ಆದರೆ 1.6 ಮಿ.ಮೀ.ಗೆ ದಪ್ಪದಷ್ಟೇ ತ್ರಿಜ್ಯ ಸಾಕು, 3ರಿಂದ 6 ಮಿ.ಮೀ. ತನಕ ಒಂದೂವರೆ ಪಟ್ಟು. ಕಂಟ್ರೋಲ್ ಪ್ಯಾನೆಲ್ ಡಬ್ಬಿ, ಇನ್ವರ್ಟರ್ ಕವಚ, ಸೂರಿನಂಚಿನ ಮಳೆನೀರಿನ ದೋಣಿ, ಟ್ರೇ ಇಂಥ ಮಡಿಕೆಯ ಕೆಲಸಗಳಿಗೆಲ್ಲ ನಾನು ಕಣ್ಣುಮುಚ್ಚಿ ಹೇಳುವ ಹೆಸರು 5052-ಎಚ್32. ಬಲ, ಮಡಚುವ ಗುಣ, ತುಕ್ಕು ತಡೆ ಮೂರೂ ಒಂದೇ ಶೀಟಿನಲ್ಲಿ ಹೀಗೆ ಕೂಡಿಬರುವುದು ಕಡಿಮೆ, ದರವೂ ಕೈಗೆಟುಕುವಂಥದ್ದು.

ಅದರಲ್ಲೂ ರೋಲಿಂಗ್ ದಿಕ್ಕನ್ನು ಮರೆಯಬಾರದು. ಗಿರಣಿಯಿಂದ ಬಂದ ಶೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತು ಬೆಳಕಿಗೆ ಓರೆಯಾಗಿ ಹಿಡಿದರೆ ಒಂದೇ ದಿಕ್ಕಿನಲ್ಲಿ ಹೋಗುವ ನಯವಾದ ಗೆರೆಗಳು ಕಾಣುತ್ತವೆ. ಮಡಿಕೆಯ ಸಾಲು ಆ ಗೆರೆಗಳನ್ನು ಅಡ್ಡ ಹಾಯಬೇಕು. ಗೆರೆಯ ಗುಂಟವೇ ಮಡಚಿದರೆ ಅದೇ ಶೀಟು, ಅದೇ ತ್ರಿಜ್ಯದಲ್ಲೂ ಬಿರುಕು ಬಿಡಬಹುದು. ನಾಲ್ಕು ಕಡೆ ಮಡಚುವ ಡಬ್ಬಿಯಲ್ಲಿ ಎರಡು ಮಡಿಕೆಗಳು ಗೆರೆಯ ಗುಂಟ ಬಂದೇ ಬರುತ್ತವೆ. ಆಗ ತ್ರಿಜ್ಯವನ್ನು ಆ ಎರಡು ಮಡಿಕೆಗಳಿಗೆ ತಕ್ಕಂತೆ ಇಡಬೇಕು, ಇಲ್ಲವೇ ಒಂದು ಮೆಟ್ಟಿಲು ಮೆದುವಾದ ಟೆಂಪರ್ ಕೊಳ್ಳಬೇಕು. ಶಿಯರಿಂಗ್ ಮಾಡಿದ ಅಂಚಿನ ಮುಳ್ಳನ್ನು ಅರದಲ್ಲಿ ಉಜ್ಜಿ ತೆಗೆಯುವುದೂ ಅಷ್ಟೇ ಮುಖ್ಯ, ಬಿರುಕು ಹುಟ್ಟುವುದು ಹೆಚ್ಚಾಗಿ ಆ ಮುಳ್ಳಿನಿಂದಲೇ. ಗಟ್ಟಿ ಟೆಂಪರಿನ ಇನ್ನೊಂದು ಕಿರಿಕಿರಿ ಮಡಚಿದ ಶೀಟು ಸ್ವಲ್ಪ ವಾಪಸ್ ಬಿಚ್ಚಿಕೊಳ್ಳುವುದು. ಟೆಂಪರ್ ಏರಿದಷ್ಟೂ ಬಿಚ್ಚುವುದೂ ಹೆಚ್ಚು. 90 ಡಿಗ್ರಿ ಬೇಕೆಂದರೆ ಎಷ್ಟು ಹೆಚ್ಚು ಮಡಚಬೇಕೆಂದು ಅದೇ ಶೀಟಿನ ತುಂಡಿನಲ್ಲಿ ನೋಡಿಯೇ ಗೊತ್ತುಮಾಡಬೇಕು.

ಟಿ6 ಸೀಳುತ್ತದೆಂದು ಗೊತ್ತಾದ ಮೇಲೆ ಕೆಲವು ಕಡೆ ಗ್ಯಾಸ್ ದೀಪದ ಉಪಾಯ ಮಾಡುತ್ತಾರೆ. ಮಡಿಕೆಯ ಸಾಲಿಗೆ ಬಟ್ಟೆಸೋಪು ಸವರಿ, ಅದು ಕಂದಿ ಕಪ್ಪಾಗುವ ತನಕ ಕಾಯಿಸಿ, ಆಮೇಲೆ ಮಡಚುವುದು. ಸೋಪು ಬೇಕಾಗುವುದಕ್ಕೆ ಕಾರಣವಿದೆ: ಅಲ್ಯೂಮಿನಿಯಂ ಕರಗುವ ಮುಂಚೆ ಕೆಂಪಾಗಿ ಸೂಚನೆ ಕೊಡುವುದಿಲ್ಲ. 6061 ಸುಮಾರು 580 ಡಿಗ್ರಿಗೆ ಕರಗಲು ಶುರುವಾಗಿ ಸದ್ದಿಲ್ಲದೆ ಕುಸಿಯುತ್ತದೆ. ಮಡಿಕೆ ಚೆನ್ನಾಗಿಯೇ ಬರುತ್ತದೆ, ಆದರೆ ಆ ಸಾಲಿನಲ್ಲಿ ಟಿ6 ಎಂಬುದು ಉಳಿದಿರುವುದಿಲ್ಲ. ಅಲಂಕಾರದ ಪಟ್ಟಿಗಾದರೆ ನಡೆಯುತ್ತದೆ. ಭಾರ ಹೊರುವ ಬ್ರಾಕೆಟ್ಟಿಗೆ ಹೀಗೆ ಮಾಡುವುದೆಂದರೆ ಒತ್ತಡ ಬೀಳುವ ಮೂಲೆಯನ್ನೇ ಹುಡುಕಿ ದುರ್ಬಲ ಮಾಡಿದಂತೆ.

ಬಲವೂ ಬೇಕು, ಮಡಿಕೆಯೂ ಬೇಕು ಎನ್ನುವವರಿಗೆ ಟಿ4 ಇದೆ. 6061-ಟಿ4 ಟಿ6ಗಿಂತ ಎಷ್ಟೋ ಚೆನ್ನಾಗಿ ಮಡಚಿಕೊಳ್ಳುತ್ತದೆ. ಆಕಾರ ಬಂದ ಮೇಲೆ ಬಿಡಿಭಾಗವನ್ನು ಒಲೆಯಲ್ಲಿ ಸುಮಾರು 175 ಡಿಗ್ರಿಯಲ್ಲಿ ಎಂಟು ಗಂಟೆ ಇಟ್ಟರೆ ಟಿ6ರ ಹತ್ತಿರದ ಬಲ ಬರುತ್ತದೆ. ನೀರಿಗೆ ಅದ್ದುವ ಹಂತ ಇಲ್ಲದ್ದರಿಂದ ಸೊಟ್ಟಗಾಗುವ ಭಯವಿಲ್ಲ. ಓ ಹದದಲ್ಲಿ ಕೊಂಡು, ಮಡಚಿ, ಆಮೇಲೆ ಪೂರ್ತಿ ಶಾಖಸಂಸ್ಕಾರ ಮಾಡಿಸುತ್ತೇನೆ ಎನ್ನುವವರು ನೆನಪಿಡಬೇಕು: 530 ಡಿಗ್ರಿಯಿಂದ ನೀರಿಗೆ ಬಿದ್ದ ತೆಳು ಶೀಟಿನ ಡಬ್ಬಿ ಡಬ್ಬಿಯಾಗಿಯೇ ಹೊರಬರುತ್ತದೆಂಬ ಖಾತ್ರಿಯಿಲ್ಲ. ಕಾರು ತಯಾರಕರ ದಾರಿಯೂ ಟಿ4ರದ್ದೇ. 2015ರ ಮಾದರಿಯಿಂದ ಅಲ್ಯೂಮಿನಿಯಂ ಮೈ ಪಡೆದ ಫೋರ್ಡ್ ಎಫ್-150ರಂಥ ವಾಹನಗಳಲ್ಲಿ 6000 ಸರಣಿಯ ಶೀಟನ್ನು ಮೆದು ಹದದಲ್ಲಿ ಪ್ರೆಸ್ಸಿನಡಿ ಆಕಾರಕ್ಕೆ ತಂದು ಆಮೇಲೆ ಗಟ್ಟಿ ಮಾಡುತ್ತಾರೆ. ಇಂಥ ಶೀಟಿಗೆ ಬಣ್ಣ ಒಣಗಿಸುವ ಒಲೆಯ ಶಾಖವೂ ಬಲ ಸೇರಿಸುತ್ತದೆ. ನಮ್ಮ ಪೌಡರ್ ಕೋಟಿಂಗ್ ಒಲೆಯಲ್ಲಿ 15–20 ನಿಮಿಷ ಇಟ್ಟರೆ ಸಾಮಾನ್ಯ 6061-ಟಿ4ಕ್ಕೆ ಅಷ್ಟೆಲ್ಲ ಲಾಭ ಸಿಗುವುದಿಲ್ಲ, ಅದಕ್ಕೆ ಗಂಟೆಗಳ ಲೆಕ್ಕವೇ ಬೇಕು.

ವಿಮಾನದ 2024 ಲೋಹದ ರಿವೆಟ್ಟುಗಳದು ಇನ್ನೂ ವಿಚಿತ್ರ. ಅದ್ದಿದ ಕೂಡಲೇ ಮೆದುವಾಗಿದ್ದು, ಹೊರಗಿಟ್ಟರೆ ಗಂಟೆಯೊಪ್ಪತ್ತಿನಲ್ಲಿ ಗಟ್ಟಿಯಾಗಿ ಬಡಿದರೆ ಸೀಳುವಂತಾಗುತ್ತವೆ. ಹಾಗಾಗಿ ಅವನ್ನು ಫ್ರೀಜರಿನಲ್ಲಿಟ್ಟು, ಬೇಕಾದಷ್ಟನ್ನೇ ಹೊರತೆಗೆದು ಬಡಿಯುತ್ತಾರೆ. ಈ ನಡುವಿನ ಅಸ್ಥಿರ ಸ್ಥಿತಿಗೆ ಡಬ್ಲ್ಯೂ ಎಂಬ ಗುರುತು. ಈ ಅಕ್ಷರಕ್ಕೆ ಇನ್ನೊಂದು ಕಿತಾಪತಿ ಇದೆ, ಮುಂದೆ ಬರುತ್ತದೆ.

ಆರ್ಗಾನ್ ವೆಲ್ಡಿಂಗ್ ಮಾಡಿಸುವುದಾದರೆ

ವೆಲ್ಡಿಂಗಿನ ಶಾಖಕ್ಕೆ ಟೆಂಪರಿನ ಮುಲಾಜಿಲ್ಲ. ಬೆಸುಗೆಯ ಎರಡೂ ಕಡೆ ಸುಮಾರು 25 ಮಿ.ಮೀ. ಅಗಲದ ಪಟ್ಟಿ ತನ್ನ ಗಟ್ಟಿತನ ಕಳೆದುಕೊಂಡಿದೆ ಎಂದೇ ವಿನ್ಯಾಸಕಾರರು ಲೆಕ್ಕ ಹಾಕುತ್ತಾರೆ. ಅಲ್ಲಿ 6061-ಟಿ6ರ ಯೀಲ್ಡ್ 276ರಿಂದ ಸುಮಾರು 100ರ ಹತ್ತಿರಕ್ಕೆ ಇಳಿಯುತ್ತದೆ. 5052-ಎಚ್32 ಓ ಹದಕ್ಕೆ ಮರಳುತ್ತದೆ. ಹೀಗಿರುವಾಗ ನಾಲ್ಕೂ ಮೂಲೆ ಬೆಸೆದು ಮಾಡುವ ಸಣ್ಣ ಟ್ಯಾಂಕಿಗೆ ದುಬಾರಿ ಟಿ6 ಹಾಕಿದರೆ, ನಿಜವಾಗಿ ಕೆಲಸ ಮಾಡುವುದು ಮೂಲೆಯ ಮೆತ್ತಗಾದ ಪಟ್ಟಿಯೇ.

ಬೆಸುಗೆಯ ಪಕ್ಕದ ಬಲವನ್ನೇ ಹೋಲಿಸಿದರೆ ಸರದಿ ತಿರುಗಿಬಿಡುತ್ತದೆ. ಅಲ್ಲಿ 6061 ಹರಿಯುವ ತನಕ ತಡೆದುಕೊಳ್ಳುವುದು ಸುಮಾರು 165 ಮೆಗಾಪಾಸ್ಕಲ್, 5083 ಸುಮಾರು 275. ಬಿಡಿ ಶೀಟಿನಲ್ಲಿ ಬಲಶಾಲಿಯಾಗಿದ್ದ 6061-ಟಿ6 ಬೆಸೆದ ಮೇಲೆ ಹಿಂದೆ ಬೀಳುತ್ತದೆ. ದೋಣಿ, ಹಡಗು ಕಟ್ಟುವವರು 5083ಕ್ಕೆ ಅಂಟಿಕೊಂಡಿರುವುದರ ಒಂದು ಕಾರಣ ಇದು, ಸಮುದ್ರದ ಉಪ್ಪುನೀರು ಇನ್ನೊಂದು. ಅದರಲ್ಲೂ ಅವರು ಕೇಳುವುದು ಎಚ್116 ಅಥವಾ ಎಚ್321 ಟೆಂಪರ್, ಉಪ್ಪುನೀರಿನಲ್ಲಿ ಪದರ ಪದರವಾಗಿ ಕೊರೆಯದಂತೆ ಪರೀಕ್ಷೆ ದಾಟಿ ಬಂದವು. ಒಂದು ಎಚ್ಚರಿಕೆ: ಮೆಗ್ನೀಸಿಯಂ ಶೇ. 3ಕ್ಕಿಂತ ಹೆಚ್ಚಿರುವ 5083ರಂಥವನ್ನು ಸದಾ 65 ಡಿಗ್ರಿಗಿಂತ ಬಿಸಿಯಾಗಿರುವ ಜಾಗದಲ್ಲಿ ಹಾಕಬಾರದು, ಒಳಗಿಂದ ತುಕ್ಕಿಗೆ ದಾರಿಯಾಗುತ್ತದೆ. ಶೇ. 2.5ರ ಆಸುಪಾಸಿನ 5052ಕ್ಕೆ ಆ ಚಿಂತೆಯಿಲ್ಲ.

2024, 7075 ಶೀಟುಗಳನ್ನು ಆರ್ಗಾನ್ ವೆಲ್ಡಿಂಗಿಗೆ ಒಯ್ಯಲೇಬೇಡಿ. ಬೆಸುಗೆ ಆರುವಾಗಲೇ ಬಿರುಕು ಬಿಡುತ್ತದೆ. ಅವಕ್ಕೆ ರಿವೆಟ್ಟು, ಬೋಲ್ಟೇ ಸರಿ.

ಅಂಗಡಿಯಲ್ಲಿ

ನಮ್ಮ ಕಡೆ ಹೊಸ ಹೆಸರಿನ ಜೊತೆಗೆ ಹಳೆಯ ಹೆಸರುಗಳೂ ಓಡಾಡುತ್ತವೆ. ಭಾರತೀಯ ಮಾನಕ ಐಎಸ್ 737ರ ಐದಂಕಿಯ ಸಂಖ್ಯೆಗಳಲ್ಲಿ 31000 ಎಂದರೆ 3003ರ ಜಾತಿ, 52000 ಎಂದರೆ 5052ಕ್ಕೆ ಸಮೀಪ, 65032 ಎಂದರೆ 6061, 64430 ಎಂದರೆ 6082. ಕೊನೆಯದಕ್ಕೆ ಹಳೆಯ ಬ್ರಿಟಿಷ್ ಮಾನಕದ ಎಚ್‌ಇ30 ಎಂಬ ಹೆಸರೂ ಉಂಟು. ಬಾರಿಗಿಟ್ಟ ಆ ಹೆಸರನ್ನು ಪ್ಲೇಟಿಗೂ ಹೇಳುವವರಿದ್ದಾರೆ. ಈ ಹಳೆಯ ಪದ್ಧತಿಯ ಟೆಂಪರಿನಲ್ಲಿ ಎಂ ಎಂದರೆ ತಯಾರಾದ ಹಾಗೇ, ಡಬ್ಲ್ಯೂಪಿ ಎಂದರೆ ಇವತ್ತಿನ ಟಿ6, ಬರೀ ಡಬ್ಲ್ಯೂ ಎಂದರೆ ಇವತ್ತಿನ ಟಿ4. ಹೊಸ ಪದ್ಧತಿಯಲ್ಲಿ ಡಬ್ಲ್ಯೂ ಎಂದರೆ ಫ್ರೀಜರಿನ ರಿವೆಟ್ಟಿನ ಅಸ್ಥಿರ ಸ್ಥಿತಿ. ಹಳೆಯ ಡ್ರಾಯಿಂಗಿನಲ್ಲಿ ಡಬ್ಲ್ಯೂ ಕಂಡರೆ ಯಾವ ಪದ್ಧತಿಯದೆಂದು ಕೇಳದೆ ಮುಂದೆ ಹೋಗಬೇಡಿ.

ದಪ್ಪವನ್ನು ಗೇಜಿನಲ್ಲಿ ಹೇಳುವ ಅಭ್ಯಾಸವನ್ನೂ ಬಿಡುವುದು ಒಳ್ಳೆಯದು. ನಮ್ಮಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ಗೇಜಿನಲ್ಲಿ 16 ಎಂದರೆ 1.63 ಮಿ.ಮೀ., ಅಮೆರಿಕದ ಗೇಜಿನಲ್ಲಿ ಅದೇ 16 ಎಂದರೆ 1.29 ಮಿ.ಮೀ. ಅಂತರ್ಜಾಲದಿಂದ ಇಳಿಸಿಕೊಂಡ ವಿದೇಶಿ ಡ್ರಾಯಿಂಗ್ ಹಿಡಿದು ಹೋದವರು ಇಲ್ಲೇ ಎಡವುತ್ತಾರೆ. ತೂಕದ ಲೆಕ್ಕ ಸುಲಭ: ಒಂದು ಚದರ ಮೀಟರ್, ಒಂದು ಮಿ.ಮೀ. ದಪ್ಪಕ್ಕೆ 2.7 ಕಿಲೊ. ನಾಲ್ಕು ಅಡಿ–ಎಂಟು ಅಡಿಯ 1.5 ಮಿ.ಮೀ. ಶೀಟು ಸುಮಾರು 12 ಕಿಲೊ ತೂಗಬೇಕು. ತಕ್ಕಡಿಯಲ್ಲಿ 11 ಬಂದರೆ ಮೈಕ್ರೊಮೀಟರ್ ತೆಗೆಯಿರಿ.

ಗಿರಣಿಯ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಅದರ ಬ್ಯಾಚ್ ಸಂಖ್ಯೆ ಶೀಟಿನ ಮೇಲೆ ಮುದ್ರೆಯಾದ ಸಂಖ್ಯೆಗೆ ಹೊಂದಬೇಕು. ಇಡೀ ಶೀಟಿನಿಂದ ಕತ್ತರಿಸಿದ ತುಂಡಿಗೆ ಸರ್ಟಿಫಿಕೇಟ್ ಹುಡುಕುವುದು ಕಷ್ಟ, ಅಲ್ಲಿ ಕೈಪರೀಕ್ಷೆಯೇ ಗತಿ. 25 ಮಿ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ, ಒಂದನ್ನು ರೋಲಿಂಗ್ ಗೆರೆಯ ಗುಂಟ, ಇನ್ನೊಂದನ್ನು ಅಡ್ಡಲಾಗಿ. ನಿಮ್ಮ ಕೆಲಸದ ತ್ರಿಜ್ಯದ ಎರಡರಷ್ಟು ದಪ್ಪದ ಸರಳನ್ನು ವೈಸಿಗೆ ಸೇರಿಸಿ ಅದರ ಸುತ್ತ ಎರಡನ್ನೂ 90 ಡಿಗ್ರಿ ಬಗ್ಗಿಸಿ, ಹೊರಮೈಯನ್ನು ಭೂತಗನ್ನಡಿಯಲ್ಲಿ ನೋಡಿ. ಕೂದಲೆಳೆಯ ಬಿರುಕು ಕಂಡರೂ ಆ ಶೀಟು ಆ ಕೆಲಸಕ್ಕಲ್ಲ. ತಿಂಗಳಿಗೆ ಹಲವು ಶೀಟು ಕೊಳ್ಳುವವರು ಇಕ್ಕಳದ ಹಾಗೆ ಒತ್ತುವ ವೆಬ್‌ಸ್ಟರ್ ಗಡಸುಮಾಪಕ ಇಟ್ಟುಕೊಂಡರೆ ಅನುಕೂಲ. ಯಾವ ಮಿಶ್ರಲೋಹವೆಂದು ಅದು ಹೇಳದು, ಮೆದುವನ್ನು ಟಿ6 ಎಂದು ಕೊಟ್ಟಿದ್ದರೆ ಒಡನೆ ತೋರಿಸಿಕೊಡುತ್ತದೆ.

ಕೆಲವು ಕೆಲಸಗಳ ಬಗ್ಗೆ ಚುಟುಕಾಗಿ. ಪಾತ್ರೆ, ದೀಪದ ಗುಮ್ಮಟ, ಬಟ್ಟಲಿನಂತೆ ಆಳಕ್ಕೆ ಎಳೆಯುವ ಯಾವುದಕ್ಕೂ 1100-ಓ ಅಥವಾ 3003-ಓ. ಮೆದು ತಗಡಿನ ಪಾತ್ರೆ ನೆಗ್ಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ಎಳೆಯುವ ಕೆಲಸವೇ ಲೋಹವನ್ನು ಗಟ್ಟಿ ಮಾಡುತ್ತದೆ, ಡೈಯಿಂದ ಹೊರಬಂದ ಪಾತ್ರೆಯ ಗೋಡೆ ಒಳಗೆ ಹೋದ ತಗಡಿನಷ್ಟು ಮೆದುವಾಗಿರುವುದಿಲ್ಲ. ನಾಮಫಲಕಕ್ಕೆ, ಚಪ್ಪಟೆ ಮುಚ್ಚಳಕ್ಕೆ 1100-ಎಚ್14 ಸಾಕು. ಅಲೆಅಲೆಯಾದ ಚಾವಣಿ ಶೀಟುಗಳು ಗಟ್ಟಿ ಟೆಂಪರಿನವು, ಅವುಗಳ ಅಂಚನ್ನು ಸೈಟಿನಲ್ಲಿ ಸುತ್ತಿಗೆಯಿಂದ ಚೂಪಾಗಿ ಮಡಚಲು ಹೋಗಬೇಡಿ. ಡ್ರೋನಿನ ಚಪ್ಪಟೆ ಫಲಕ, ಮೋಟಾರು ಕೂರಿಸುವ ಪ್ಲೇಟು ಇಂಥ ಮಡಿಕೆಯಿಲ್ಲದ ಕೆಲಸಕ್ಕೆ 6061-ಟಿ6 ಹಬ್ಬ. ಡ್ರಿಲ್ಲಿಂಗ್, ಮಿಲ್ಲಿಂಗಿನಲ್ಲೂ ಅದು ಚೊಕ್ಕವಾಗಿ ಸಿಪ್ಪೆ ಬಿಡುತ್ತದೆ. ಓ ಹದದ್ದು ಡ್ರಿಲ್ ಬಿಟ್ಟಿಗೆ, ಅರದ ಹಲ್ಲಿಗೆ ಮೆತ್ತಿಕೊಂಡು ಪ್ರಾಣ ತಿನ್ನುತ್ತದೆ, ಸೀಮೆಎಣ್ಣೆ ಹಚ್ಚುತ್ತ ಕೊರೆಯಬೇಕು. ದಪ್ಪ ಪ್ಲೇಟಿನಿಂದ ಅರ್ಧಕ್ಕರ್ಧ ಲೋಹವನ್ನು ಸಿಎನ್‌ಸಿಯಲ್ಲಿ ಕಿತ್ತು ತೆಗೆಯುವವರು ಟಿ6 ಬದಲು ಟಿ651 ಕೇಳಬೇಕು. ಕಾಯಿಸಿ ಅದ್ದಿದ ಮೇಲೆ ಅದನ್ನು ಎರಡೂ ತುದಿ ಹಿಡಿದು ತುಸು ಎಳೆದು ಒಳಗಿನ ಒತ್ತಡ ಕಳೆದಿರುತ್ತಾರೆ, ಹಾಗಾಗಿ ಕೊರೆದ ಮೇಲೆ ಪ್ಲೇಟು ಸೊಟ್ಟಗಾಗುವುದು ಕಡಿಮೆ.

ಆರ್ಡರ್ ಬರೆಯುವಾಗ ಒಂದೇ ಸಾಲಿನಲ್ಲಿ ಎಲ್ಲವೂ ಬರಲಿ: "ಅಲ್ಯೂಮಿನಿಯಂ ಶೀಟು, 5052-ಎಚ್32, ದಪ್ಪ 2.0 ಮಿ.ಮೀ., 1220 × 2440 ಮಿ.ಮೀ., ಒಂದು ಕಡೆ ಪಿವಿಸಿ ಹಾಳೆ, ರೋಲಿಂಗ್ ದಿಕ್ಕು ಉದ್ದಕ್ಕೆ, ಗಿರಣಿಯ ಟೆಸ್ಟ್ ಸರ್ಟಿಫಿಕೇಟ್ ಸಹಿತ." ಎಚ್32 ಇಲ್ಲ, ಎಚ್34 ಇದೆ ಎಂದು ಅಂಗಡಿಯವರು ಹೇಳಿದರೆ ಗಾಬರಿ ಬೇಡ, ಮಡಿಕೆಯ ತ್ರಿಜ್ಯವನ್ನು ತುಸು ಹಿಗ್ಗಿಸಿದರೆ ಸಾಕು. 5052 ಇಲ್ಲ, 6061-ಟಿ6 ಇದೆ, "ಇನ್ನೂ ಗಟ್ಟಿ ಸಾರ್" ಎಂದರೆ ಮಾತ್ರ ಡ್ರಾಯಿಂಗಿನಲ್ಲಿ ಎಷ್ಟು ಮಡಿಕೆಗಳಿವೆ ಎಂದು ಎಣಿಸಿ ನೋಡಿ ಉತ್ತರ ಕೊಡಿ. ಉಳಿದ ತುಂಡುಗಳನ್ನು ಮೂಲೆಗೆ ಒರಗಿಸುವ ಮೊದಲು ಮಿಶ್ರಲೋಹ, ಟೆಂಪರ್ ಎರಡನ್ನೂ ಮಾರ್ಕರಿನಲ್ಲಿ ಅದರ ಮೇಲೆಯೇ ಬರೆದು, ರೋಲಿಂಗ್ ದಿಕ್ಕಿಗೆ ಒಂದು ಬಾಣ ಎಳೆದಿಡಿ. ಆರು ತಿಂಗಳ ನಂತರ ಎಲ್ಲ ಅಲ್ಯೂಮಿನಿಯಂ ತುಂಡುಗಳೂ ನೋಡಲು ಒಂದೇ ಥರ ಇರುತ್ತವೆ.